24ಕ್ಕೂ 60ಕ್ಕೂ ಲೆಕ್ಕ ತಾಳೆಯಾಗಲ್ಲ: ಟಿವಿಯಲ್ಲಿ ಸಿನಿಮಾ ಯಾಕೆ ಕುಲುಕುತ್ತದೆ?

ಈ ಸಲ ನಾವು ಬರೆಯೋಕೆ ಹೊರಟಿರೋದು ಹಾಸ್ಟೆಲ್ ಟಿವಿ ಮುಂದೆ ಕೂತವರೆಲ್ಲ ನೋಡಿರುವ, ಆದರೆ ಇದು ಇಂಥದ್ದು ಅಂತ ಯಾರೂ ಹೆಸರಿಟ್ಟು ಕರೆಯದ ಒಂದು ತೊಂದರೆಯ ಬಗ್ಗೆ.

ಸಿನಿಮಾದಲ್ಲಿ ಕ್ಯಾಮೆರಾ ನಿಧಾನಕ್ಕೆ ಎಡದಿಂದ ಬಲಕ್ಕೆ ತಿರುಗುತ್ತೆ. ಮುಂದೆ ಅಡಿಕೆ ತೋಟ, ಹಿಂದೆ ಗುಡ್ಡ. ಮರಗಳು ಒಂದೇ ಸಮನೆ ಸರಿದು ಹೋಗಬೇಕು. ಆದರೆ ಟಿವಿಯಲ್ಲಿ ಅವು ಸಣ್ಣಗೆ ಕುಲುಕುತ್ತಾ, ನಿಂತು ನಿಂತು ಹೋದ ಹಾಗೆ ಕಾಣುತ್ತವೆ. ಕೊನೆಯಲ್ಲಿ ಮೇಲಕ್ಕೆ ಸರಿಯುವ ಹೆಸರುಗಳ ಪಟ್ಟಿಯಲ್ಲಂತೂ ಇದು ಇನ್ನೂ ಚೆನ್ನಾಗಿ ಗೊತ್ತಾಗತ್ತೆ. ಆಗ ರೂಮಿನಲ್ಲಿ ಕೇಳಿಬರುವ ತೀರ್ಪುಗಳು ಮೂರು: "ವೈಫೈ ಸ್ಲೋ ಮಗಾ", "ಟಿವಿ ಡಬ್ಬಾ", "ಕ್ಯಾಮೆರಾಮನ್‌ಗೆ ಪ್ಯಾನ್ ಮಾಡೋಕೆ ಬರಲ್ಲ".

ಮೊದಲನೆಯದು ತಪ್ಪು. ನೆಟ್ ನಿಧಾನವಾದರೆ ಚಿತ್ರ ಮಸುಕಾಗುತ್ತೆ, ಇಲ್ಲಾಂದ್ರೆ ಚಕ್ರ ತಿರುಗುತ್ತಾ ನಿಂತುಬಿಡುತ್ತೆ. ಒಂದೇ ಲಯದಲ್ಲಿ, ಬಿಡದೆ ಕುಲುಕುವುದಿಲ್ಲ. ಎರಡನೆಯದು ಅರ್ಧ ಮಾತ್ರ ನಿಜ. ಅದಕ್ಕೆ ಆಮೇಲೆ ಬರೋಣ. ನಮಗೆ ಬೇಜಾರಾಗೋದು ಮೂರನೆಯದರ ಬಗ್ಗೆ. ಕ್ಲಬ್ಬಿನ ಸಿನಿಮಾ ಚರ್ಚೆಗಳಲ್ಲೂ ಈ ಮಾತು ಬರುತ್ತದೆ. ಬಿಸಿಲು ಮಳೆಯಲ್ಲಿ ನಿಂತು ಒಂದು ಪ್ಯಾನ್‌ಗಾಗಿ ಹತ್ತು ಸಲ ಟೇಕ್ ತಗೊಂಡ ಛಾಯಾಗ್ರಾಹಕರು ತಾವು ಮಾಡದ ತಪ್ಪಿಗೆ ಬೈಸಿಕೊಳ್ಳುತ್ತಾರೆ. ತಪ್ಪು ಬಹಳ ಸಲ ಟಿವಿ ಹಿಂದೆ ನೇತಾಡುವ ಸ್ಟ್ರೀಮಿಂಗ್ ಸ್ಟಿಕ್ಕಿನ ಒಂದು ಸೆಟ್ಟಿಂಗ್‌ನಲ್ಲಿ ಇರುತ್ತದೆ. ಅದರ ಮೂಲ ಮೂರನೇ ಕ್ಲಾಸಿನ ಭಾಗಾಕಾರ: 60ನ್ನು 24ರಿಂದ ಭಾಗಿಸಿದರೆ ಶೇಷ ಉಳಿಯುತ್ತದೆ.

ಈ 24 ಎಲ್ಲಿಂದ ಬಂತು?

ಮೂಕಿ ಚಿತ್ರಗಳ ಕಾಲದಲ್ಲಿ ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಕಟ್ಟುನಿಟ್ಟಿನ ನಿಯಮ ಇರಲಿಲ್ಲ. ಕ್ಯಾಮೆರಾವನ್ನು ಕೈಯಿಂದ ತಿರುಗಿಸುತ್ತಿದ್ದ ಕಾಲದಲ್ಲಿ ವೇಗ ಆಪರೇಟರ್‌ನ ತೋಳಿನ ಮೇಲೆ ನಿಂತಿತ್ತು. 1920ರ ದಶಕದ ಕೊನೆಯಲ್ಲಿ ಚಿತ್ರಕ್ಕೆ ಮಾತು ಸೇರಿತು. ಚಿತ್ರ ಸ್ವಲ್ಪ ವೇಗವಾಗಿ ಓಡಿದರೆ ಕಣ್ಣು ಸುಮ್ಮನಿರುತ್ತದೆ. ಆದರೆ ಧ್ವನಿ ಸ್ವಲ್ಪ ವೇಗವಾದರೂ ಕಿವಿ ಹಿಡಿದುಬಿಡುತ್ತದೆ. ಹಾಗಾಗಿ ಒಂದು ಸ್ಥಿರ ವೇಗ ಬೇಕಾಯಿತು, ಅದು ಸೆಕೆಂಡಿಗೆ 24 ಫ್ರೇಮ್ ಅಂತ ನಿಗದಿಯಾಯಿತು. 35 ಎಂಎಂ ಫಿಲ್ಮಿನ ಒಂದು ಅಡಿಯಲ್ಲಿ 16 ಫ್ರೇಮ್ ಇರುತ್ತವೆ, ಅಂದರೆ ನಿಮಿಷಕ್ಕೆ 90 ಅಡಿ ಫಿಲ್ಮ್. ಧ್ವನಿ ಚೆನ್ನಾಗಿ ಕೇಳಬೇಕು, ಫಿಲ್ಮಿನ ಖರ್ಚೂ ಕೈಮೀರಬಾರದು: ಇವೆರಡರ ನಡುವಿನ ರಾಜಿ ಅದು. ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' 1934ರಲ್ಲಿ ಬರುವ ಹೊತ್ತಿಗೆ 24 ಎಂಬುದು ಟಾಕಿ ಚಿತ್ರಗಳ ಮಾಮೂಲಿ ವೇಗವಾಗಿತ್ತು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಸೆಕೆಂಡಿಗೆ ಬರೀ 24 ಚಿತ್ರ ತೋರಿಸಿದರೆ ಪರದೆ ಮಿಣಮಿಣ ಅನ್ನಬೇಕಲ್ವಾ? ಹೌದು, ಅನ್ನುತ್ತದೆ. ಅದಕ್ಕೇ ಹಳೆಯ ಪ್ರೊಜೆಕ್ಟರ್‌ಗಳಲ್ಲಿ ತಿರುಗುವ ಶಟರ್ ಒಂದೊಂದು ಫ್ರೇಮನ್ನೂ ಎರಡು ಸಲ, ಕೆಲವದರಲ್ಲಿ ಮೂರು ಸಲ, ಬೆಳಗಿಸುತ್ತಿತ್ತು. 24 ಚಿತ್ರ, ಆದರೆ 48 ಅಥವಾ 72 ಮಿಂಚು. ಗಮನಿಸಬೇಕಾದ್ದು ಇಷ್ಟೇ: ಎರಡು ಅಂದರೆ ಎಲ್ಲಾ ಫ್ರೇಮಿಗೂ ಎರಡು, ಮೂರು ಅಂದರೆ ಎಲ್ಲಾ ಫ್ರೇಮಿಗೂ ಮೂರು. ಯಾವ ಫ್ರೇಮಿಗೂ ಹೆಚ್ಚು ಕಮ್ಮಿ ಇಲ್ಲ. ಪ್ರತಿ ಫ್ರೇಮ್ ಪರದೆಯ ಮೇಲೆ ಇರುವುದು 41.7 ಮಿಲಿಸೆಕೆಂಡ್. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮತ್ತೆ ಮತ್ತೆ ಬರುತ್ತದೆ. ಫಿಲ್ಮ್ ಹೋಗಿ ಡಿಜಿಟಲ್ ಪ್ರೊಜೆಕ್ಟರ್ ಬಂದ ಮೇಲೂ ಥಿಯೇಟರ್‌ಗಳಲ್ಲಿ ಮಾಮೂಲಿ ವೇಗ 24 ಆಗಿಯೇ ಉಳಿದಿದೆ.

ಹಾಗಾದರೆ 60 ಯಾಕೆ?

ಟಿವಿ ಹುಟ್ಟಿದ್ದು ಸಿನಿಮಾ ಮನೆಯಲ್ಲಿ ಅಲ್ಲ, ಕರೆಂಟ್ ಕಂಬದ ಪಕ್ಕದಲ್ಲಿ. ಅಮೆರಿಕದಲ್ಲಿ ವಿದ್ಯುತ್ ಸೆಕೆಂಡಿಗೆ 60 ಸಲ ಆವರ್ತಿಸುತ್ತದೆ. ಹಳೆಯ ಟಿವಿ ಸರ್ಕ್ಯೂಟ್‌ಗಳಲ್ಲಿ ಚಿತ್ರದ ವೇಗ ಕರೆಂಟಿನ ಆವರ್ತನಕ್ಕೆ ಹೊಂದಿಕೊಂಡಿದ್ದರೆ ಪರದೆಯ ಮೇಲೆ ಅಡ್ಡಪಟ್ಟಿಗಳು ತೇಲಾಡುವ ಕಾಟ ಕಮ್ಮಿ. ಹಾಗಾಗಿ ಅಲ್ಲಿ ಟಿವಿಗೂ 60 ಬಂತು. ಯುರೋಪಿನಲ್ಲಿ, ನಮ್ಮಲ್ಲಿ ಕರೆಂಟು 50 ಹರ್ಟ್ಜ್, ಟಿವಿಯೂ 50. ಭಾರತ ಆರಿಸಿಕೊಂಡದ್ದು ಪಾಲ್ ಪದ್ಧತಿ. 1982ರ ಏಷ್ಯನ್ ಗೇಮ್ಸ್ ಹೊತ್ತಿಗೆ ದೂರದರ್ಶನ ಬಣ್ಣಕ್ಕೆ ತಿರುಗಿದಾಗಲೂ ಅದೇ.

50ರ ದೇಶಗಳಲ್ಲಿ ಸಿನಿಮಾವನ್ನು ಟಿವಿಗೆ ತರುವ ಮಾಮೂಲಿ ದಾರಿ ಬಹಳ ಸುಲಭದ್ದು: 24ನ್ನು 25 ಮಾಡಿ ಓಡಿಸಿಬಿಡು, ಒಂದೊಂದು ಫ್ರೇಮನ್ನು ಎರಡು ಸಲ ತೋರಿಸು, ಲೆಕ್ಕ ಚುಕ್ತಾ. ಕುಲುಕಾಟ ಇಲ್ಲ. ಆದರೆ ಎಲ್ಲವೂ ಶೇಕಡ 4ರಷ್ಟು ವೇಗ. 150 ನಿಮಿಷದ ಸಿನಿಮಾ 144 ನಿಮಿಷಕ್ಕೇ ಮುಗಿಯುತ್ತದೆ. ಧ್ವನಿಯನ್ನು ಬೇರೆಯಾಗಿ ತಿದ್ದದಿದ್ದರೆ ಹಾಡಿನ ಶ್ರುತಿ ಸುಮಾರು 0.7 ಸೆಮಿಟೋನ್ ಮೇಲೆ ಹೋಗುತ್ತದೆ. ಇಂಥ ಪ್ರತಿಯಲ್ಲಿ ನೋಡಿದ ಸಿನಿಮಾ ಹಾಡಿಗೂ ಕ್ಯಾಸೆಟ್ಟಿನಲ್ಲಿ ಕೇಳಿದ ಅದೇ ಹಾಡಿಗೂ ಹಾರ್ಮೋನಿಯಂ ಹಿಡಿದು ಕೂತವರಿಗೆ ಶ್ರುತಿ ಕೂಡಲ್ಲ.

60ರ ದೇಶಗಳಿಗೆ ಈ ಉಪಾಯ ಕೆಲಸ ಮಾಡಲ್ಲ. 24ನ್ನು 30ಕ್ಕೆ ಏರಿಸಿದರೆ ಹೀರೊ ಓಡೋದು ಚಾರ್ಲಿ ಚಾಪ್ಲಿನ್ ಹಾಗೆ ಕಾಣುತ್ತದೆ. ಅಲ್ಲಿನವರು ಹುಡುಕಿದ ದಾರಿಯೇ ಇವತ್ತು ನಮ್ಮ ಹಾಸ್ಟೆಲ್ಲಿನ ಟಿವಿಯಲ್ಲೂ ಕೂತಿದೆ. ಯಾಕಂದ್ರೆ ಇಂದಿನ ಫೋನ್, ಲ್ಯಾಪ್‌ಟಾಪ್, ಸ್ಟ್ರೀಮಿಂಗ್ ಸ್ಟಿಕ್ ಎಲ್ಲವೂ 60ನ್ನೇ ಮಾಮೂಲಿ ವೇಗ ಮಾಡಿಕೊಂಡಿವೆ. ಗೋಡೆಯ ಪ್ಲಗ್ಗಿನಲ್ಲಿ 50, ಪರದೆಯಲ್ಲಿ 60!

ಒಬ್ಬರಿಗೆ ಎರಡು ಹೋಳಿಗೆ, ಪಕ್ಕದವರಿಗೆ ಮೂರು

60 ÷ 24 = 2.5. ಒಂದು ಫ್ರೇಮನ್ನು ಎರಡೂವರೆ ಸಲ ತೋರಿಸಲು ಮಾಮೂಲಿ ಪರದೆಗೆ ಆಗುವುದಿಲ್ಲ. ಹಾಗಾಗಿ ಮೊದಲ ಫ್ರೇಮನ್ನು 2 ಸಲ, ಮುಂದಿನದನ್ನು 3 ಸಲ, ಮತ್ತೆ 2, ಮತ್ತೆ 3. ಪಂಕ್ತಿಯಲ್ಲಿ ಬಡಿಸುವವರು ಒಬ್ಬರಿಗೆ ಎರಡು ಹೋಳಿಗೆ, ಪಕ್ಕದವರಿಗೆ ಮೂರು ಹಾಕಿಕೊಂಡು ಹೋದಂತೆ. ಪಾತ್ರೆ ಸರಿಯಾಗಿ ಖಾಲಿಯಾಗುತ್ತೆ, ಸರಾಸರಿ ಎರಡೂವರೆ ಅಂತ ಲೆಕ್ಕವೂ ಒಪ್ಪುತ್ತೆ, ಆದರೆ ಎಲೆ ಮುಂದೆ ಕೂತವರಿಗೆ ವ್ಯತ್ಯಾಸ ಕಾಣುತ್ತೆ. ಇದಕ್ಕೆ 3:2 ಪುಲ್‌ಡೌನ್ ಅಂತ ಹೆಸರು.

60 ಹರ್ಟ್ಜ್ ಪರದೆಯಲ್ಲಿ ಒಂದು ರಿಫ್ರೆಶ್ ಅಂದರೆ 16.7 ಮಿಲಿಸೆಕೆಂಡ್. ಎರಡು ಸಲ ಬಂದ ಫ್ರೇಮ್ ನಿಲ್ಲುವುದು 33.3 ಮಿಲಿಸೆಕೆಂಡ್, ಮೂರು ಸಲ ಬಂದದ್ದು 50. ಆಗಬೇಕಾದ್ದು ಎರಡಕ್ಕೂ 41.7. ಸಿನಿಮಾದ ಒಟ್ಟು ಅವಧಿ ಒಂದು ಸೆಕೆಂಡೂ ಬದಲಾಗಲಿಲ್ಲ, ಧ್ವನಿಯೂ ಸರಿಯಾಗಿದೆ. ಬದಲಾದದ್ದು ಒಳಗಿನ ನಡೆ ಮಾತ್ರ. ತಾಳ ಹಾಕುವವರು ಒಟ್ಟು ಎಣಿಕೆ ತಪ್ಪದೆ, ಒಂದು ಪೆಟ್ಟು ಬೇಗ, ಒಂದು ಪೆಟ್ಟು ತಡ ಹಾಕಿದರೆ ಹಾಡುವವರಿಗೆ ಎಷ್ಟು ಕಿರಿಕಿರಿಯೋ ಅಷ್ಟೇ ಕಿರಿಕಿರಿ ಕಣ್ಣಿಗೂ.

ಕಣ್ಣಿಗೆ ಯಾಕೆ ಗೊತ್ತಾಗುತ್ತೆ ಅಂತ ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ. ಟಿವಿಯ ಅಗಲ 1920 ಪಿಕ್ಸೆಲ್. ಒಂದು ಮರ ಈ ಅಂಚಿನಿಂದ ಆ ಅಂಚಿಗೆ 4 ಸೆಕೆಂಡಿನಲ್ಲಿ ಹೋಗುತ್ತಿದೆ ಅಂದುಕೊಳ್ಳಿ. ಅಂದರೆ ಸೆಕೆಂಡಿಗೆ 480 ಪಿಕ್ಸೆಲ್, ಫ್ರೇಮಿಗೆ 20 ಪಿಕ್ಸೆಲ್. ನಮ್ಮ ಕಣ್ಣು ಆ ಮರವನ್ನು ಹಿಂಬಾಲಿಸುವಾಗ ಜಿಗಿಯುತ್ತಾ ಹೋಗಲ್ಲ, ಒಂದೇ ವೇಗದಲ್ಲಿ ಜಾರುತ್ತದೆ. ಸರಿಯಾದ 24ರಲ್ಲಿ ಪ್ರತಿ ಫ್ರೇಮ್ ನಿಂತಿರುವಷ್ಟು ಹೊತ್ತಿನಲ್ಲಿ ಕಣ್ಣು 20 ಪಿಕ್ಸೆಲ್ ಮುಂದೆ ಹೋಗಿರುತ್ತೆ, ಮರವೂ 20 ಪಿಕ್ಸೆಲ್ ಜಿಗಿದು ಅದನ್ನು ಕೂಡಿಕೊಳ್ಳುತ್ತೆ. ಪ್ರತಿ ಸಲವೂ ಹೀಗೇ. 3:2ರಲ್ಲಿ ಕಣ್ಣು ಒಮ್ಮೆ 16 ಪಿಕ್ಸೆಲ್ ಹೋಗುವಷ್ಟರಲ್ಲಿ ಮರ 20 ಜಿಗಿಯುತ್ತೆ, ಮುಂದಿನ ಸಲ ಕಣ್ಣು 24 ಹೋದರೂ ಮರ 20 ಮಾತ್ರ. ಒಂದು ಸಲ ಮರ ಮುಂದೆ, ಒಂದು ಸಲ ಹಿಂದೆ. ಈ ಜೋಡಿ ಸೆಕೆಂಡಿಗೆ 12 ಸಲ ಮರುಕಳಿಸುತ್ತದೆ. ನಾವು ನೋಡುವ ಕುಲುಕಾಟ ಇದೇ. ಇಂಗ್ಲಿಷಿನಲ್ಲಿ ಇದನ್ನು ಜಡರ್ ಅನ್ನುತ್ತಾರೆ.

ಮಾತಾಡುತ್ತಾ ಕೂತ ಇಬ್ಬರ ದೃಶ್ಯದಲ್ಲಿ ಇದು ಗೊತ್ತಾಗುವುದಿಲ್ಲ. ನಿಧಾನದ ಪ್ಯಾನ್, ರೈಲಿನ ಕಿಟಕಿಯ ಹೊರಗಿನ ನೋಟ, ಮೇಲೇರುವ ಹೆಸರುಗಳು: ಕಣ್ಣು ಹಿಂಬಾಲಿಸುವ ಕಡೆಯೆಲ್ಲ ಗೊತ್ತಾಗುತ್ತದೆ.

23.976 ಅನ್ನೋ ವಿಚಿತ್ರ ಸಂಖ್ಯೆ

ನೀವು ಯಾವುದಾದರೂ ವಿಡಿಯೊ ಫೈಲಿನ ಮಾಹಿತಿ ತೆಗೆದು ನೋಡಿದ್ದರೆ 24ರ ಬದಲು 23.976 ಅಂತ ಕಂಡಿರುತ್ತೀರಿ. 1953ರಲ್ಲಿ ಅಮೆರಿಕ ಕಪ್ಪುಬಿಳುಪು ಟಿವಿಗೆ ಬಣ್ಣ ಸೇರಿಸಿದಾಗ, ಬಣ್ಣದ ಸಿಗ್ನಲ್ಲೂ ಧ್ವನಿಯ ಸಿಗ್ನಲ್ಲೂ ಒಂದಕ್ಕೊಂದು ತಾಗಿ ಪರದೆಯಲ್ಲಿ ಚುಕ್ಕೆಗಳ ಕಾಟ ಬರಬಾರದು ಅಂತ ವೇಗವನ್ನು 1000/1001ರಷ್ಟು ತಗ್ಗಿಸಿದರು. 60 ಹೋಗಿ 59.94 ಆಯಿತು, 30 ಹೋಗಿ 29.97. ಅದಕ್ಕೆ ಹೊಂದುವಂತೆ ಸಿನಿಮಾದ 24 ಕೂಡ 24000/1001, ಅಂದರೆ 23.976 ಆಯಿತು. ಆ ಟಿವಿಗಳು ಮ್ಯೂಸಿಯಂ ಸೇರಿದರೂ ಸಂಖ್ಯೆ ಮಾತ್ರ ಇನ್ನೂ ಜೀವಂತ. ಸ್ಟ್ರೀಮಿಂಗ್‌ನಲ್ಲಿ 23.976ರ ಸಿನಿಮಾಗಳೂ ಇವೆ, ಸರಿಯಾದ 24ರವೂ ಇವೆ, ಹಳೆಯ ಟಿವಿ ಪ್ರತಿಯಿಂದ ಬಂದ 25ರವೂ ಇವೆ.

"ಅಯ್ಯೋ, 0.024 ವ್ಯತ್ಯಾಸಕ್ಕೆ ಇಷ್ಟೆಲ್ಲಾನಾ?" ಅನ್ನಬಹುದು. 23.976ರ ಸಿನಿಮಾವನ್ನು ಸರಿಯಾದ 24 ಹರ್ಟ್ಜ್ ಪರದೆಗೆ ಕೊಟ್ಟರೆ ಪ್ರತಿ 41.7 ಸೆಕೆಂಡಿಗೆ ಒಂದು ಫ್ರೇಮ್ ಕಮ್ಮಿ ಬೀಳುತ್ತದೆ. ಆಗ ಒಂದು ಫ್ರೇಮನ್ನು ಎರಡು ಸಲ ತೋರಿಸಬೇಕಾಗುತ್ತೆ, ಅಲ್ಲಿ ಒಂದು ಸಣ್ಣ ಮುಗ್ಗರಿಕೆ. ಮೊದಲು ಹೇಳಿದ್ದು 41.7 ಮಿಲಿಸೆಕೆಂಡ್, ಇದು 41.7 ಸೆಕೆಂಡ್, ವೇಗದ ವ್ಯತ್ಯಾಸ ಸಾವಿರಕ್ಕೆ ಒಂದು ಆಗಿರುವುದರಿಂದಲೇ ಎರಡರಲ್ಲೂ ಒಂದೇ ಅಂಕಿ. ಸಾಮಾನ್ಯ ಪ್ರೇಕ್ಷಕರು ಇದನ್ನು ಗಮನಿಸದೇ ಇರಬಹುದು. ಆದರೆ ಒಳ್ಳೆಯ ಬಾಕ್ಸ್ 24 ಬೇರೆ, 23.976 ಬೇರೆ ಅಂತ ಗೊತ್ತಿಟ್ಟುಕೊಂಡಿರಬೇಕು.

ಸ್ಟಿಕ್ಕಿನ ಒಳಗೆ ಏನು ನಡೆಯುತ್ತೆ?

ಆಪ್‌ಗೆ ಸರ್ವರ್‌ನಿಂದ ವಿಡಿಯೊ ಬರುವುದು ಕೆಲವು ಸೆಕೆಂಡುಗಳ ತುಂಡುಗಳಾಗಿ. ಜೊತೆಗೆ ಬರುವ ಪಟ್ಟಿಯಲ್ಲಿ ಅದರ ಫ್ರೇಮ್ ರೇಟನ್ನೂ ಬರೆಯಲು ಜಾಗವಿದೆ. ಅಂದರೆ ಸಿನಿಮಾ 24 ಅಂತ ಆಪ್‌ಗೆ ಗೊತ್ತಿರುತ್ತೆ. ಈ ಕಡೆ, ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದ ಕೂಡಲೇ ಟಿವಿ ಕೂಡ ತನ್ನಿಂದ ಯಾವ್ಯಾವ ರೆಸಲ್ಯೂಷನ್, ಯಾವ್ಯಾವ ರಿಫ್ರೆಶ್ ರೇಟ್ ಸಾಧ್ಯ ಅಂತ ಒಂದು ಪಟ್ಟಿ ಕೊಡುತ್ತದೆ. ಇದಕ್ಕೆ ಇಡಿಐಡಿ ಅಂತ ಹೆಸರು. ಅದರಲ್ಲಿ 24 ಇದ್ದರೆ ಬಾಕ್ಸಿಗೂ ಗೊತ್ತಾಗುತ್ತೆ. ಇಬ್ಬರಿಗೂ ಗೊತ್ತಿದೆ, ಆದರೂ ಮಾಮೂಲಿಯಾಗಿ ಹೋಗುವುದು 60. ಯಾಕೆ?

ಕಾರಣ ಒಂದು: ಮೆನು. 24 ಹರ್ಟ್ಜ್‌ನಲ್ಲಿ ಮೆನು ಓಡಿಸಿದರೆ ರಿಮೋಟ್ ಒತ್ತಿದಾಗ ಪೋಸ್ಟರ್‌ಗಳು ತೆವಳಿಕೊಂಡು ಹೋಗುತ್ತವೆ. ಅದಕ್ಕೆ 60 ಬೇಕೇ ಬೇಕು. ಇದೇ ಕಾರಣಕ್ಕೆ ಬಾಕ್ಸನ್ನು ಯಾವಾಗಲೂ 24ಕ್ಕೇ ಇಟ್ಟುಬಿಡುವುದೂ ಒಳ್ಳೆಯ ಉಪಾಯ ಅಲ್ಲ.

ಕಾರಣ ಎರಡು: ಕಪ್ಪು ಪರದೆ. ಎಚ್‌ಡಿಎಂಐನಲ್ಲಿ ವೇಗ ಬದಲಿಸುವುದೆಂದರೆ ಬಾಕ್ಸ್ ಮತ್ತು ಟಿವಿ ಹಳೆಯ ಮಾತುಕತೆ ನಿಲ್ಲಿಸಿ ಹೊಸದಾಗಿ ಶುರು ಮಾಡಿದ ಹಾಗೆ. ಆ ಒಂದೆರಡು ಸೆಕೆಂಡು ಪರದೆ ಪೂರ್ತಿ ಕಪ್ಪು. ಗೊತ್ತಿಲ್ಲದವರು ಟಿವಿ ಕೆಟ್ಟಿತು ಅಂತ ಗಾಬರಿಯಾಗುತ್ತಾರೆ. ಹಾಗಾಗಿ ಎಷ್ಟೋ ಬಾಕ್ಸ್‌ಗಳಲ್ಲಿ ಈ ಸೌಲಭ್ಯ ಇದ್ದರೂ ಅಂಗಡಿಯಿಂದ ಬರುವಾಗ ಆಫ್ ಆಗಿರುತ್ತದೆ. ನೋಡುವವರು ಗಾಬರಿಯಾಗದಿರಲಿ ಅಂತ ಎರಡೂವರೆ ಗಂಟೆಯ ಸಿನಿಮಾ ಪೂರ್ತಿ ಕುಲುಕುತ್ತದೆ. ಎಚ್‌ಡಿಎಂಐ 2.1ರಲ್ಲಿ ಕ್ವಿಕ್ ಮೀಡಿಯಾ ಸ್ವಿಚಿಂಗ್ ಎಂಬ ಸೌಲಭ್ಯ ಬಂದಿದೆ. ಅದರಲ್ಲಿ ಪರದೆ ಕಪ್ಪಾಗದೆಯೇ ವೇಗ ಬದಲಾಗುತ್ತದೆ. ಆದರೆ ಬಾಕ್ಸ್, ಟಿವಿ ಎರಡರಲ್ಲೂ ಅದು ಇರಬೇಕು.

ಸರಿ, ಎಲ್ಲಿ ಒತ್ತಬೇಕು?

ಆಪಲ್ ಟಿವಿ 4ಕೆ: ಸೆಟ್ಟಿಂಗ್ಸ್, ವಿಡಿಯೊ ಅಂಡ್ ಆಡಿಯೊ, ಮ್ಯಾಚ್ ಕಂಟೆಂಟ್. ಅಲ್ಲಿ 'ಮ್ಯಾಚ್ ಫ್ರೇಮ್ ರೇಟ್' ಆನ್ ಮಾಡಿ. ಇದು ಬಂದದ್ದು 2017ರ ಡಿಸೆಂಬರ್‌ನ ಟಿವಿಓಎಸ್ 11.2ರಲ್ಲಿ, ಅದಕ್ಕೆ ಮುಂಚೆ ಇಂಥ ಆಯ್ಕೆಯೇ ಇರಲಿಲ್ಲ.

ಅಮೆಜಾನ್ ಫೈರ್ ಟಿವಿ: ಡಿಸ್‌ಪ್ಲೇ ಸೆಟ್ಟಿಂಗ್ ಒಳಗೆ 'ಮ್ಯಾಚ್ ಒರಿಜಿನಲ್ ಫ್ರೇಮ್ ರೇಟ್'.

ಆಂಡ್ರಾಯ್ಡ್ ಟಿವಿ, ಗೂಗಲ್ ಟಿವಿ ಬಾಕ್ಸ್‌ಗಳು: ಆಂಡ್ರಾಯ್ಡ್ 12 ಅಥವಾ ಅದರ ನಂತರದ್ದಾದರೆ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 'ಮ್ಯಾಚ್ ಕಂಟೆಂಟ್ ಫ್ರೇಮ್ ರೇಟ್' ಹುಡುಕಿ. ಸೀಮ್‌ಲೆಸ್ ಅಂದರೆ ಪರದೆ ಕಪ್ಪಾಗದೆ ಬದಲಾಗುವ ಹಾಗಿದ್ದರೆ ಮಾತ್ರ ಬದಲಾಯಿಸು ಅಂತ ಅರ್ಥ. ನಾನ್-ಸೀಮ್‌ಲೆಸ್ ಅಂದರೆ ಕಪ್ಪಾದರೂ ಪರವಾಗಿಲ್ಲ, ಬದಲಾಯಿಸು ಅಂತ. ಹೆಸರು ಕೇಳಿ ಮೊದಲನೆಯದೇ ಒಳ್ಳೆಯದು ಅನಿಸುತ್ತೆ, ಆದರೆ ಸಾಮಾನ್ಯ ಎಚ್‌ಡಿಎಂಐ ಟಿವಿಗೆ ಬೇಕಾಗೋದು ಎರಡನೆಯದು.

ಕೋಡಿ: ಪ್ಲೇಯರ್ ಸೆಟ್ಟಿಂಗ್‌ನಲ್ಲಿ 'ಅಡ್ಜಸ್ಟ್ ಡಿಸ್‌ಪ್ಲೇ ರಿಫ್ರೆಶ್ ರೇಟ್'.

ಲ್ಯಾಪ್‌ಟಾಪಿನಿಂದ ಕೇಬಲ್ ಎಳೆದು ತೋರಿಸುವವರು ವಿಂಡೋಸ್‌ನ ಅಡ್ವಾನ್ಸ್ಡ್ ಡಿಸ್‌ಪ್ಲೇ ಸೆಟ್ಟಿಂಗ್‌ಗೆ ಹೋಗಿ ಸಿನಿಮಾ ಶುರು ಮಾಡುವ ಮೊದಲು ಆ ಟಿವಿಯ ರಿಫ್ರೆಶ್ ರೇಟನ್ನು ಕೈಯಾರೆ 24 ಅಥವಾ 23.976ಕ್ಕೆ ಇಳಿಸಬಹುದು. ಮುಗಿದ ಮೇಲೆ ವಾಪಸ್ 60ಕ್ಕೆ ತರೋದು ಮರೀಬೇಡಿ, ಮೌಸ್ ಎಳೆದಾಡಿದ ಹಾಗೆ ಆಗುತ್ತೆ. ಗೇಮಿಂಗ್ ಲ್ಯಾಪ್‌ಟಾಪ್ ಇರುವವರಿಗೆ ಅದರ ಸ್ವಂತ ಪರದೆಯಲ್ಲೇ ಅದೃಷ್ಟ ಇರಬಹುದು. 120 ಹರ್ಟ್ಜ್ ಅಂದರೆ 24ರ 5 ಪಟ್ಟು, 144 ಅಂದರೆ 6 ಪಟ್ಟು. ಎಲ್ಲಾ ಫ್ರೇಮಿಗೂ ಸಮಪಾಲು. ಆದರೆ 165 ಹರ್ಟ್ಜ್ ಪರದೆ ಇದ್ದವರು ಹಿಗ್ಗಬೇಡಿ: 165 ÷ 24 = 6.875, ಮತ್ತೆ ಶೇಷ. ಸಂಖ್ಯೆ ದೊಡ್ಡದಾದಷ್ಟೂ ಕುಲುಕಾಟ ಸಣ್ಣದಾಗುತ್ತೆ ನಿಜ, ಆದರೆ 144ರ ಸಮಪಾಲು ಇಲ್ಲಿ ಇಲ್ಲ.

ಆನ್ ಮಾಡಿದರೂ ಆಗದಿದ್ದರೆ?

ಸರಪಳಿಯಲ್ಲಿ ಐದು ಕೊಂಡಿ ಇವೆ: ಫೈಲು, ಆಪ್, ಬಾಕ್ಸ್, ಕೇಬಲ್, ಪರದೆ. ಐದೂ ಒಪ್ಪಿದರೆ ಮಾತ್ರ 24.

ಫೈಲಿನಲ್ಲೇ ಕುಲುಕಾಟ ಇರಬಹುದು. ಯಾರೋ 24ರ ಸಿನಿಮಾವನ್ನು ಫ್ರೇಮ್ ಪುನರಾವರ್ತಿಸಿ 30 ಮಾಡಿ ಅಪ್‌ಲೋಡ್ ಮಾಡಿದ್ದರೆ ಪ್ರತಿ ನಾಲ್ಕರಲ್ಲಿ ಒಂದು ಫ್ರೇಮ್ ಎರಡು ಸಲ ಬರುತ್ತೆ. ಅದನ್ನು ಯಾವ ಸೆಟ್ಟಿಂಗೂ ಸರಿಮಾಡಲ್ಲ. ಯೂಟ್ಯೂಬಿನಲ್ಲಿ 'ಸ್ಟಾಟ್ಸ್ ಫಾರ್ ನರ್ಡ್ಸ್' ತೆರೆದರೆ ವಿಡಿಯೊದ ಫ್ರೇಮ್ ರೇಟ್ ಕಾಣುತ್ತೆ.

ಆಪ್ ಕೇಳದೇ ಇರಬಹುದು. ಆಂಡ್ರಾಯ್ಡ್‌ನಲ್ಲಿ ಫ್ರೇಮ್ ರೇಟ್ ಬದಲಿಸು ಅಂತ ಆಪ್ ಸಿಸ್ಟಂಗೆ ಹೇಳಬೇಕು. ಅದು ಬಾಯಿ ಬಿಡದಿದ್ದರೆ ನಿಮ್ಮ ಸೆಟ್ಟಿಂಗ್ ಆನ್ ಇದ್ದೂ ಪ್ರಯೋಜನ ಇಲ್ಲ. ಹಾಗಾಗಿ ಒಂದೇ ಬಾಕ್ಸಿನಲ್ಲಿ ಒಂದು ಆಪ್ ಸರಿಯಾಗಿ, ಇನ್ನೊಂದು ಕುಲುಕುತ್ತಾ ಓಡಬಹುದು.

ಪರದೆ ಮೋಸ ಮಾಡಬಹುದು. "ಟಿವಿ ಡಬ್ಬಾ" ಅನ್ನೋದರಲ್ಲಿ ಅರ್ಧ ನಿಜ ಇದೆ ಅಂದೆವಲ್ಲ, ಅದು ಇಲ್ಲಿ. ಕೆಲವು 60 ಹರ್ಟ್ಜ್ ಟಿವಿಗಳು, ಪ್ರೊಜೆಕ್ಟರ್‌ಗಳು 24ರ ಸಿಗ್ನಲ್ ತೆಗೆದುಕೊಂಡು ಒಳಗೆ ತಾವೇ 3:2 ಮಾಡಿಬಿಡುತ್ತವೆ. ಮಾಹಿತಿ ಫಲಕದಲ್ಲಿ 24 ಅಂತ ತೋರಿಸುತ್ತೆ, ಪರದೆ ಮಾತ್ರ ಕುಲುಕುತ್ತೆ. ಇದಕ್ಕೆ ಉಲ್ಟಾ ಕೂಡ ಉಂಟು: ಕೆಲವು 120 ಹರ್ಟ್ಜ್ ಟಿವಿಗಳು 60ರಲ್ಲಿ ಬಂದ 3:2 ನಡೆಯನ್ನು ಗುರುತಿಸಿ, ಹೆಚ್ಚಿನ ಫ್ರೇಮ್ ಕಳೆದು, 24ನ್ನು ಹಿಂದಕ್ಕೆ ಪಡೆಯುತ್ತವೆ. ಅಂಥ ಟಿವಿ ಇದ್ದವರಿಗೆ ಸೆಟ್ಟಿಂಗ್‌ನಿಂದ ದೊಡ್ಡ ವ್ಯತ್ಯಾಸ ಕಾಣದೇ ಇರಬಹುದು.

ಇನ್ನೊಂದು ವಿಷಯ, ಮೋಷನ್ ಸ್ಮೂದಿಂಗ್. ಟಿವಿ ತಾನೇ ಊಹಿಸಿ ಎರಡು ಫ್ರೇಮಿನ ಮಧ್ಯೆ ಹೊಸ ಫ್ರೇಮ್ ಹುಟ್ಟಿಸುವ ವಿದ್ಯೆ. ಕುಲುಕಾಟ ಹೋಗುತ್ತೆ, ಆದರೆ ಸಿನಿಮಾ ಧಾರಾವಾಹಿಯ ಹಾಗೆ ಕಾಣುತ್ತೆ. ವೇಗವಾಗಿ ಬೀಸಿದ ಕೈಯ ಅಂಚು ಕರಗಿದ ಹಾಗೂ ಆಗಬಹುದು. 2018ರ ಡಿಸೆಂಬರ್‌ನಲ್ಲಿ ಟಾಮ್ ಕ್ರೂಸ್ ಮತ್ತು ನಿರ್ದೇಶಕ ಕ್ರಿಸ್ಟಫರ್ ಮೆಕ್‌ಕ್ವಾರಿ ಇದನ್ನು ಆಫ್ ಮಾಡಿ ಅಂತ ಕೇಳಿಕೊಂಡು ವಿಡಿಯೊ ಮಾಡಿದ್ದರು. 2019ರಲ್ಲಿ ಬಂದ 'ಫಿಲ್ಮ್‌ಮೇಕರ್ ಮೋಡ್' ಇಂಥದ್ದನ್ನೆಲ್ಲ ಒಂದೇ ಆಯ್ಕೆಯಲ್ಲಿ ಆಫ್ ಮಾಡುತ್ತದೆ.

ಇನ್ನು ಕ್ರಿಕೆಟ್. ನಮ್ಮ ದೇಶದ ಟಿವಿ ಪ್ರಸಾರ ಇವತ್ತಿಗೂ 50ರ ಮನೆತನದ್ದು. ಪಂದ್ಯ 50ರಲ್ಲಿ ಬಂದು ಬಾಕ್ಸ್ 60ರಲ್ಲಿ ನಿಂತಿದ್ದರೆ ಪ್ರತಿ ಐದನೇ ಫ್ರೇಮ್ ಎರಡು ಸಲ ಬರುತ್ತೆ, ಸೆಕೆಂಡಿಗೆ 10 ಮುಗ್ಗರಿಕೆ. ಬೌಂಡರಿ ಕಡೆ ಉರುಳುವ ಚೆಂಡನ್ನು ನೋಡಿ. ಅದೇ ಸೆಟ್ಟಿಂಗ್ ಇದನ್ನೂ ಸರಿಮಾಡುತ್ತೆ.

ನಂಬಬೇಡಿ, ಅಳೆದು ನೋಡಿ

ಎಂಜಿನಿಯರಿಂಗ್ ಓದುವವರು ಅಳೆಯದೆ ಯಾಕೆ ನಂಬಬೇಕು? ಇದಕ್ಕೆ ಲ್ಯಾಬ್ ಬೇಡ, 240 ಎಫ್‌ಪಿಎಸ್ ಸ್ಲೋ ಮೋಷನ್ ಇರುವ ಒಂದು ಫೋನ್ ಸಾಕು. ಪೈಥಾನ್‌ನಲ್ಲೋ ಎಫ್‌ಎಫ್‌ಎಂಪೆಗ್‌ನಲ್ಲೋ ಪ್ರತಿ ಫ್ರೇಮಿನ ಮೇಲೆ ಅದರ ಸಂಖ್ಯೆಯನ್ನು ದೊಡ್ಡದಾಗಿ ಬರೆದ, ಸರಿಯಾಗಿ 24 ಎಫ್‌ಪಿಎಸ್‌ನ ಒಂದು ನಿಮಿಷದ ವಿಡಿಯೊ ಮಾಡಿಕೊಳ್ಳಿ. ಅದನ್ನು ಬಾಕ್ಸಿನಲ್ಲಿ ಓಡಿಸಿ, ಪರದೆಯನ್ನು ಫೋನಿನಲ್ಲಿ 240ರಲ್ಲಿ ಸೆರೆಹಿಡಿಯಿರಿ. ಆಮೇಲೆ ಆ ರೆಕಾರ್ಡಿಂಗನ್ನು ಒಂದೊಂದೇ ಫ್ರೇಮ್ ಸರಿಸುತ್ತಾ ಪ್ರತಿ ಸಂಖ್ಯೆ ಎಷ್ಟು ಫ್ರೇಮ್ ನಿಂತಿತ್ತು ಅಂತ ಎಣಿಸಿ.

ಬಾಕ್ಸ್ 60ರಲ್ಲಿದ್ದರೆ 8, 12, 8, 12 ಅಂತ ಬರುತ್ತದೆ. 24ರಲ್ಲಿದ್ದರೆ 10, 10, 10, 10. ಪರದೆ ಮೇಲಿಂದ ಕೆಳಕ್ಕೆ ಬದಲಾಗುವುದರಿಂದ, ಫೋನಿನ 240 ಕೂಡ ಕರಾರುವಾಕ್ಕಾಗಿ 240 ಅಲ್ಲದಿರುವುದರಿಂದ ಒಂದು ಆಚೀಚೆ ಆಗಬಹುದು. ಆದರೆ 8ಕ್ಕೂ 12ಕ್ಕೂ ಇರುವ ಅಂತರ ತಪ್ಪಿಸಿಕೊಳ್ಳಲ್ಲ. ನಾವು ಕ್ಲಬ್ಬಿನ ಬಾಕ್ಸಿನ ಮೇಲೆ ಇದನ್ನು ಮಾಡಿದಾಗ ಸೆಟ್ಟಿಂಗ್ ಆಫ್ ಇದ್ದಾಗ 8-12, ಆನ್ ಮಾಡಿದಾಗ 10ರ ಸಾಲು. ಟಿವಿ ಸರಿಯಾಗಿದೆ, ಬಾಕ್ಸೂ ಸರಿಯಾಗಿದೆ, ಆ ಒಂದು ಗುಂಡಿ ಯಾರೂ ಒತ್ತಿರಲಿಲ್ಲ ಅಷ್ಟೇ. ಫೈಲನ್ನು ಪೆನ್‌ಡ್ರೈವಿನಿಂದ ಓಡಿಸಿದರೆ ಆ ಪ್ಲೇಯರ್ ಬಗ್ಗೆ ಮಾತ್ರ ಗೊತ್ತಾಗುತ್ತೆ. ಯಾವ ಆಪ್‌ನಲ್ಲಿ ಸಿನಿಮಾ ನೋಡುತ್ತೀರೋ ಆ ಆಪ್‌ನಲ್ಲಿ ಓಡುವ ಹೆಸರುಗಳ ಪಟ್ಟಿಯನ್ನು ಇದೇ ರೀತಿ ಎಣಿಸಬಹುದು.

ಇಷ್ಟೆಲ್ಲ ಬೇಕಾ?

ಒಂದು ಮಾತು ನೇರವಾಗಿ ಹೇಳಬೇಕು. ಸರಿಯಾದ 24ರಲ್ಲೂ ವೇಗದ ಪ್ಯಾನ್ ನುಣುಪಾಗಿ ಇರಲ್ಲ. ಫ್ರೇಮಿಗೆ 20 ಪಿಕ್ಸೆಲ್ ಜಿಗಿತ ಎಲ್ಲಿಗೂ ಹೋಗಲ್ಲ. ಅದು ಸಮವಾಗುತ್ತೆ ಅಷ್ಟೇ. 24ಕ್ಕಿಂತ ಹೆಚ್ಚು ಬೇಕು ಅಂತ ವಾದಿಸುವವರೂ ಇದ್ದಾರೆ. ಪೀಟರ್ ಜಾಕ್ಸನ್ 2012ರಲ್ಲಿ 'ದಿ ಹಾಬಿಟ್' ಮಾಡಿದ್ದು 48ರಲ್ಲಿ. ಕೆಲವರಿಗೆ ಹಿಡಿಸಿತು, ಬಹಳ ಜನಕ್ಕೆ ಹಿಡಿಸಲಿಲ್ಲ.

ಆದರೆ 24ರಲ್ಲಿ ಸಿನಿಮಾ ತೆಗೆಯುವವರಿಗೆ ಅದರ ಮಿತಿ ಚೆನ್ನಾಗಿ ಗೊತ್ತು. ಒಂದು ವಸ್ತು ಪರದೆಯ ಈ ಅಂಚಿನಿಂದ ಆ ಅಂಚಿಗೆ ಹೋಗಲು ಸುಮಾರು 7 ಸೆಕೆಂಡ್ ತೆಗೆದುಕೊಳ್ಳಬೇಕು, ಅದಕ್ಕಿಂತ ವೇಗವಾದರೆ ಕಣ್ಣಿಗೆ ಚುಚ್ಚುತ್ತೆ ಅಂತ ಛಾಯಾಗ್ರಾಹಕರಲ್ಲಿ ಒಂದು ಲೆಕ್ಕವೇ ಇದೆ. ನಮ್ಮಂಥ 50 ಹರ್ಟ್ಜ್ ಕರೆಂಟಿನ ದೇಶದಲ್ಲಿ ಟ್ಯೂಬ್‌ಲೈಟ್ ಕೆಳಗೆ 24ರಲ್ಲಿ ಶೂಟ್ ಮಾಡುವಾಗ ದೀಪ ಮಿಣುಕಬಾರದು ಅಂತ ಕ್ಯಾಮೆರಾ ಶಟರನ್ನು 180 ಡಿಗ್ರಿಯ ಬದಲು 172.8 ಡಿಗ್ರಿಗೆ ಇಡುತ್ತಾರೆ, ಆಗ ಎಕ್ಸ್‌ಪೋಷರ್ ಸರಿಯಾಗಿ 1/50 ಸೆಕೆಂಡ್ ಆಗುತ್ತೆ. ಇಷ್ಟು ಸೂಕ್ಷ್ಮವಾಗಿ ಲೆಕ್ಕ ಹಾಕಿ ತೆಗೆದ ದೃಶ್ಯ ನಮ್ಮ ರೂಮಿಗೆ ಬಂದು, ಕೊನೆಯ ಒಂದು ಮೀಟರ್ ಕೇಬಲ್ಲಿನಲ್ಲಿ 8-12 ಆಗಿಬಿಡುತ್ತೆ. ಅದನ್ನು ನೋಡಿ ನಾವು ಕ್ಯಾಮೆರಾ ವರ್ಕ್‌ಗೆ ಮಾರ್ಕ್ಸ್ ಕೊಡ್ತೀವಿ.

4ಕೆ, ಎಚ್‌ಡಿಆರ್ ಅಂತ ಡಬ್ಬಿಯ ಮೇಲೆ ದೊಡ್ಡದಾಗಿ ಬರೆಯುತ್ತಾರೆ. ಅದಕ್ಕೆ ಹೆಚ್ಚಿನ ದುಡ್ಡೂ ಕೊಡಬೇಕು. ಫ್ರೇಮ್ ರೇಟ್ ಬಗ್ಗೆ ಡಬ್ಬಿಯ ಮೇಲೆ ಏನೂ ಇರಲ್ಲ, ಆದರೆ ಇದನ್ನು ಸರಿಮಾಡೋಕೆ ಬಹಳ ಸಲ ಒಂದು ರೂಪಾಯಿಯೂ ಬೇಡ. ಇವತ್ತು ರಾತ್ರಿ ನಿಮ್ಮ ವಿಂಗಿನ ಟಿವಿಯಲ್ಲಿ ಆ ಸೆಟ್ಟಿಂಗ್ ಹುಡುಕಿ ಆನ್ ಮಾಡಿ, ಯಾವುದಾದರೂ ಸಿನಿಮಾದ ಕೊನೆಯ ಹೆಸರುಗಳನ್ನು ಮೊದಲು ಹಾಗೆ, ಆಮೇಲೆ ಹೀಗೆ ನೋಡಿ. ಫೋನಿನಲ್ಲಿ ಎಣಿಸಿದರೆ ಅಂಕಿಗಳನ್ನು ನಮಗೂ ಕಳಿಸಿ. ಯಾವ ಬಾಕ್ಸಿನ ಯಾವ ಆಪ್ 10-10 ಕೊಡುತ್ತೆ ಅಂತ ಕ್ಯಾಂಪಸ್ಸಿನದೇ ಒಂದು ಪಟ್ಟಿ ಮಾಡೋಣ.

ಮತ್ತೆ, ಕ್ಲಬ್ಬಿನ ಮುಂದಿನ ಪ್ರದರ್ಶನದಲ್ಲಿ ಸಿನಿಮಾ ಶುರುವಾಗುವ ಮುಂಚೆ ಪರದೆ ಎರಡು ಸೆಕೆಂಡ್ ಕಪ್ಪಾಗುತ್ತೆ. ದಯವಿಟ್ಟು ಯಾರೂ ಎದ್ದು ಬಂದು ಕೇಬಲ್ ಅಲ್ಲಾಡಿಸಬೇಡಿ.